ಹರಕೆಯ ನಾಯಿ, ಮದ್ದಿನ ಹೊಣೆ

ಕೊಡಗಿನ ದೇವರಕಾಡುಗಳಲ್ಲಿ ಬೇಟೆಯ ದೈವ ಅಯ್ಯಪ್ಪನಿಗೆ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳು ಮರದ ಬುಡದಲ್ಲಿ ಪಾಚಿಗಟ್ಟಿ ನಿಂತಿರುತ್ತವೆ. ಬೇಟೆಗಾರನ ಸಂಗಾತಿಗೂ ದೈವದ ಸನ್ನಿಧಿಯಲ್ಲಿ ಜಾಗವುಂಟು ಎಂದಾಯಿತು. ಆದರೆ ಹರಕೆ ಹೊತ್ತ ಮಾತ್ರಕ್ಕೆ ಒಡೆಯನ ಹೊಣೆ ತೀರುತ್ತದೆಯೇ?

ತೋಟದ ನಾಯಿಗೆ ಉಣ್ಣಿ ಕಚ್ಚಿ ಬೇಬಿಸಿಯೋಸಿಸ್ ತಗುಲಿದರೆ ಒಸಡು ಬಿಳಿಚುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಬಹುದು. ಹರಕೆಯಿಂದ ಒಡೆಯನಿಗೆ ಧೈರ್ಯ ಬಂದೀತು. ಆದರೆ ರಕ್ತಕಣದೊಳಗಿನ ರೋಗಾಣು ಸಾಯಲು ಪಶುವೈದ್ಯರ ಮದ್ದೇ ಬೇಕು. ಇವೆರಡಕ್ಕೂ ಜಗಳವೇನಿಲ್ಲ.

ನಿಜವಾದ ತೊಡಕು ದಯಾಮರಣದ್ದು. ಅಹಿಂಸೆಯ ಹೆಸರಿನಲ್ಲಿ ನರಳಾಟವನ್ನು ಲಂಬಿಸುವುದೂ ಹಿಂಸೆಯೇ. ಬದುಕಿಸಿಡುವುದೇ ಕ್ರೌರ್ಯವಾದಾಗ ಪ್ರಾಣಿಯನ್ನು ಕೊನೆಗಾಣಿಸಲು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಅವಕಾಶ ಕೊಟ್ಟಿದೆ. ರೇಬೀಸ್ ಲಕ್ಷಣ ಕಂಡ ನಾಯಿಗಾಗಲಿ ಬೆಕ್ಕಿಗಾಗಲಿ ಮದ್ದೇ ಇಲ್ಲ. ಅಲ್ಲಿ ಕರ್ತವ್ಯವೆಲ್ಲ ಮೊದಲೇ ಹಾಕಿಸುವ ಲಸಿಕೆಯದು.