ಮಳೆಗಾಲದ ಸೊಪ್ಪು ಯಾರ ಪಾಲು?

ಮಳೆ ಹಿಡಿದರೆ ಕುಡಚಿ ಸುತ್ತಲಿನ ಕೃಷ್ಣಾ ತೀರದ ಹಿತ್ತಲುಗಳಲ್ಲಿ ರಾಜಗಿರಿ, ಪುಂಡಿ ಹುಲುಸಾಗುತ್ತವೆ. ವ್ರತ ಹಿಡಿದ ಜೈನ ಮನೆಗಳಲ್ಲಿ ಸೊಪ್ಪು ವರ್ಜ್ಯವಾಗುವುದೂ ಆಗಲೇ! ಚಾತುರ್ಮಾಸವಿಡೀ ಒಲೆಯ ಮೇಲೆ ಜುಣಕ, ಹೆಸರುಕಾಳಿನ ಪಲ್ಯ.

ಸೊಪ್ಪಿನ ಹುಳುಗಳಿಗೆ ಹಿಂಸೆಯಾಗದಿರಲೆಂದು ಈ ವ್ರತ. ಆದರೆ ಗಿಡಕ್ಕೂ ಜೀವವಿದ್ದರೆ, ಚಳಿಗಾಲದಲ್ಲಿ ಮೆಂತ್ಯ ಕೀಳುವುದು ಹಿಂಸೆಯಲ್ಲವೇ?

ಹಿಂಸೆಯೇ, ಎನ್ನುತ್ತದೆ ಜೈನ ದರ್ಶನ. ಗಿಡ ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವ. ಆ ಹಿಂಸೆಯನ್ನು ಗೃಹಸ್ಥರು ಪೂರ್ತಿ ತಪ್ಪಿಸಲಾರರು, ಮಿತಗೊಳಿಸಬಹುದು. ಎಲೆಯಡಿ ತೆವಳುವ ಹುಳುವಿನ ಮಾತು ಬೇರೆ. ಅದು ಹೆಚ್ಚು ಇಂದ್ರಿಯಗಳ, ಚಲಿಸಬಲ್ಲ ತ್ರಸ ಜೀವ, ಮಳೆಗಾಲದಲ್ಲಿ ಅದರ ಸಂತಾನ ಜಾಸ್ತಿ. ನಿಷ್ಠುರ ಲೆಕ್ಕ, ಆದರೆ ತನ್ನ ಊಟವನ್ನು ನಿರ್ದೋಷ ಎಂದು ಸಾರಿಕೊಳ್ಳದ ಲೆಕ್ಕ.

ಇದೇ ಸೀಮೆಯ ಭೋಜದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಮರಣಪರ್ಯಂತ ಉಪವಾಸದ ಸಲ್ಲೇಖನ ವ್ರತ ಹಿಡಿದು ಆಹಾರವನ್ನೇ ತೊರೆದರು. ಗೃಹಿಣಿಯ ದಿನನಿತ್ಯದ ಹಾದಿ ಅಷ್ಟು ದೂರದ್ದಲ್ಲ: ಕಾರ್ತಿಕ ಕಳೆದ ಮೇಲೆ ಮೆಂತ್ಯ ಬಿಡಿಸಿ, ಎಲೆ ಎಲೆ ನೋಡಿ, ಬೆಳ್ಳುಳ್ಳಿಯಿಲ್ಲದೆ ಒಗ್ಗರಣೆ ಹಾಕುತ್ತಾಳೆ.