ಮೇಷ್ಟ್ರ ಅನ್ನ ಯಾರದು?

ಮನೆಗೆ ಮೊದಲು ಅಕ್ಷರ ತಂದವರು ನಾವು. ಕಲಿಸಿದವರ ಋಣ ಬಲ್ಲೆವು. ಹಾಗಂತ ಕಲಿಸುವವನ ಅನ್ನ ಎಲ್ಲಿಂದ ಬಂತು ಅಂತ ಕೇಳಬಾರದೇ?

ಯುದ್ಧವೇ ಪಾಪ ಎನ್ನುವ ಕ್ರೈಸ್ತ ಪಂಗಡದವರು ಮುಂದೆ ನಿಂತು 1953ರಲ್ಲಿ ಅಮೆರಿಕದಲ್ಲಿ ಇಂಟರ್‌ನ್ಯಾಷನಲ್ ವಾಲಂಟರಿ ಸರ್ವಿಸಸ್ ಕಟ್ಟಿದರು. ಅದರ ಹುಡುಗ ಹುಡುಗಿಯರು ದಕ್ಷಿಣ ವಿಯೆಟ್ನಾಮಿನಲ್ಲಿ ಬೇಸಾಯಕ್ಕೆ ಕೈಜೋಡಿಸಿದರು, ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದರು, ಅಲ್ಲಿನ ಮಾತು ಕಲಿತರು. ಒಳ್ಳೆಯವರೇ, ಅನುಮಾನ ಬೇಡ. ಆದರೆ ಖರ್ಚಿನ ದುಡ್ಡು ಬಹುಪಾಲು ಅಮೆರಿಕ ಸರ್ಕಾರದ್ದು. ಬಾಂಬಿನ ದುಡ್ಡೂ ಅದೇ ಬೊಕ್ಕಸದ್ದು. ಹಗಲು ಪಾಠ ಒಪ್ಪಿಸಿದ ಮಗುವಿನ ಊರು ರಾತ್ರಿ ಸುಟ್ಟರೆ, ಮರುದಿನ ಮೇಷ್ಟ್ರು ಯಾವ ಬಾಯಲ್ಲಿ ಹಾಜರಿ ಕೂಗಬೇಕು?

1967ರಲ್ಲಿ ಅವರಲ್ಲಿ 49 ಮಂದಿ ಯುದ್ಧವನ್ನು ಖಂಡಿಸಿ ಅಧ್ಯಕ್ಷ ಜಾನ್ಸನ್‌ಗೆ ಬರೆದ ಕಾಗದಕ್ಕೆ ಸಹಿ ಹಾಕಿದರು. ಅಲ್ಲಿನ ಮುಖ್ಯಸ್ಥ ಡಾನ್ ಲೂಸ್ ಮತ್ತು ಇನ್ನು ಮೂವರು ರಾಜೀನಾಮೆ ಕೊಟ್ಟರು. ಮಕ್ಕಳನ್ನು ಕೈಬಿಟ್ಟರಲ್ಲ ಅಂದರೆ? ಅನ್ನಬೇಕಾದ ಮಾತೇ. ಪಾಠ ನಿಂತರೆ ನಷ್ಟ ಮಗುವಿಗೆ, ಸರ್ಕಾರಕ್ಕಲ್ಲ. ಆದರೂ, ಗೆಳೆಯರೇ, ಬಾಯಿ ಮುಚ್ಚಿಕೊಂಡು ಪಾಠ ಹೇಳುವುದಾದರೂ ಹೇಗೆ?

ಲೂಸ್ ಮತ್ತೆ ಅಲ್ಲಿಗೇ ಹೋದರು. 1970ರಲ್ಲಿ ಕಾನ್ ಸಾನ್ ದ್ವೀಪದ ಸೆರೆಮನೆಯ 'ಹುಲಿಬೋನು'ಗಳನ್ನು ಅಮೆರಿಕದ ಸಂಸದರಿಗೆ ತೋರಿಸಿದರು. ಬೋನಿನೊಳಗಿದ್ದವರನ್ನು ಅವರದೇ ಮಾತಿನಲ್ಲಿ ಮಾತಾಡಿಸಿದರು. ಮರುವರ್ಷ ಸೈಗಾನ್ ಸರ್ಕಾರ ಅವರನ್ನು ದೇಶದಿಂದ ಹೊರಗಟ್ಟಿತು.