ನೂರು ಮೀಟರಿನ ಮಡಿ

ಧಾರ್ಮಿಕ ಸಂಸ್ಥೆ, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಪರವಾನಗಿ ಕೊಡಬಾರದೆಂದು 1967ರ ಕರ್ನಾಟಕ ಅಬಕಾರಿ ಪರವಾನಗಿ (ಸಾಮಾನ್ಯ ಷರತ್ತುಗಳು) ನಿಯಮಗಳ 5ನೇ ನಿಯಮ ಹೇಳುತ್ತದೆ. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿ ವಾಸಿಸುವ ಕೇರಿಗಳೂ ಇದೇ ನಿಯಮದ ರಕ್ಷಣೆಯಲ್ಲಿವೆ. ಮೈಸೂರು ರಾಜ್ಯ 1948ರಲ್ಲಿ ಆರಂಭಿಸಿದ್ದ ಪಾನನಿರೋಧವನ್ನು ಕೈಬಿಟ್ಟದ್ದೂ 1967ರಲ್ಲೇ. ಮಾರುವುದೇ ಅಪರಾಧವಾಗಿದ್ದಾಗ ಅಂತರದ ಪ್ರಶ್ನೆ ಇರಲಿಲ್ಲ. ಮಾರಬಹುದು ಎಂದಾದ ಮೇಲೆ, ಎಲ್ಲಿ ಮಾರಬಾರದು ಎಂಬುದು ಮುಖ್ಯವಾಯಿತು.

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ನಂಜನಗೂಡು ಮತ್ತು ಟಿ. ನರಸೀಪುರ ತಕ್ಕ ಊರುಗಳು. ಒಂದರಲ್ಲಿ ಕಪಿಲೆಯ ದಡದ ಶ್ರೀಕಂಠೇಶ್ವರ, ಐದು ತೇರುಗಳ ದೊಡ್ಡ ಜಾತ್ರೆ. ಇನ್ನೊಂದರಲ್ಲಿ ಕಾವೇರಿ ಮತ್ತು ಕಪಿಲೆ ಕೂಡುವ ಸಂಗಮ, ಗುಂಜಾ ನರಸಿಂಹಸ್ವಾಮಿ, ಅಗಸ್ತ್ಯೇಶ್ವರ, 1989ರಿಂದ ನಡೆದುಬಂದ ಕುಂಭಮೇಳ. ಎರಡೂ ಊರು 766ನೇ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ನಂಜನಗೂಡು ತಾಲ್ಲೂಕಿನ ಕೈಗಾರಿಕಾ ಪ್ರದೇಶದಲ್ಲಿ ಬಿಯರ್ ಕಾರ್ಖಾನೆಯೂ ಇದೆ. ಯಾತ್ರಿಕರು, ಕೂಲಿಕಾರರು, ಲಾರಿ ಚಾಲಕರು, ಕಾರ್ಖಾನೆಯ ಪಾಳಿ ಮುಗಿಸಿ ಬರುವವರು, ಎಲ್ಲರೂ ಓಡಾಡುವುದು ಒಂದೇ ಬೀದಿಗಳಲ್ಲಿ.

ಈ ನಿಯಮದ ಪರ ಹೆಚ್ಚಾಗಿ ಕೇಳಿಬರುವ ಸಮರ್ಥನೆ ಎಂದರೆ, ಬ್ರಾಂದಿ ಅಂಗಡಿ ಹತ್ತಿರ ಬಂದರೆ ದೇವರ ಸನ್ನಿಧಿ ಮೈಲಿಗೆಯಾಗುತ್ತದೆ ಎಂಬುದು. ಈ ಸಮರ್ಥನೆ ತಪ್ಪು. ತಪ್ಪಾಗಿದ್ದೂ ಸಭೆಗಳಲ್ಲಿ, ಮನವಿಪತ್ರಗಳಲ್ಲಿ ಪ್ರಶ್ನೆಯೇ ಇಲ್ಲದೆ ನಡೆದುಹೋಗುತ್ತದೆ. ಸುರಾಪಾನವನ್ನು ಮಹಾಪಾತಕಗಳ ಸಾಲಿಗೆ ಸೇರಿಸಿದ ಧರ್ಮಶಾಸ್ತ್ರಗಳು, ಬೌದ್ಧರ ಐದನೆಯ ಶೀಲ, ಇಸ್ಲಾಮಿನ ನಿಷೇಧ ಇವೆಲ್ಲ ಕುಡಿಯಬೇಡ ಎಂದು ಮನುಷ್ಯನಿಗೆ ಹೇಳಿದವು. ಅಂಗಡಿ ಎಷ್ಟು ಗಜ ದೂರವಿರಬೇಕೆಂಬ ಚರ್ಚೆಗೆ ಅವುಗಳಿಂದ ಹೆಚ್ಚಿನ ನೆರವು ಸಿಗುವುದಿಲ್ಲ.

ಮೈಲಿಗೆಯ ವಾದ ಈ ಸೀಮೆಯ ಎಲ್ಲ ದೇವರಿಗೂ ಹೊಂದುವುದಿಲ್ಲ. ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಬಾಡೂಟದ ಜೊತೆಗೆ, ತೀರಿಕೊಂಡವರು ಬದುಕಿದ್ದಾಗ ಇಷ್ಟಪಡುತ್ತಿದ್ದ ಬೀಡಿಯ ಕಟ್ಟು, ಬ್ರಾಂದಿ ಬಾಟಲಿ ಇಡುವ ಮನೆಗಳು ಮೈಸೂರು ಸೀಮೆಯಲ್ಲಿ ಎಷ್ಟೋ ಇವೆ. ಕೊಡಗಿನಲ್ಲಿ ಕುಲದ ಹಿರಿಯರಾದ ಕಾರಣರಿಗೆ, ತುಳುನಾಡಿನಲ್ಲಿ ಕೆಲವು ದೈವಗಳಿಗೆ ಮದ್ಯ ಸಲ್ಲುತ್ತದೆ. ಇಂಥ ಮನೆಯ ಭಕ್ತಿ ಅಗಸ್ತ್ಯೇಶ್ವರನ ಮುಂದೆ ಕೈಮುಗಿಯುವ ಭಕ್ತಿಗಿಂತ ಕಡಿಮೆಯದಲ್ಲ. ಮದ್ಯ ತನ್ನಿಂದ ತಾನೇ ದೇವರಿಗೆ ಅಶುದ್ಧವೆಂದು ಸರ್ಕಾರ ನಂಬಿ ನಿಯಮ ಮಾಡಿದೆ ಎಂದಾದರೆ, ಅದು ಒಂದು ಬಗೆಯ ದೇವರ ಪಕ್ಷ ವಹಿಸಿ ಇನ್ನೊಂದು ಬಗೆಯ ದೇವರನ್ನು ಕೀಳು ಮಾಡಿದಂತೆ.

ಇನ್ನೂ ಗಂಭೀರವಾದ ಆಕ್ಷೇಪವಿದೆ. ಗುಡಿಯಿಂದ ಇಷ್ಟು ದೂರ ಎಂದು ಗೆರೆ ಎಳೆಯುವ ಅಭ್ಯಾಸ ಮದ್ಯದಂಗಡಿಗಿಂತ ಬಹಳ ಹಳೆಯದು, ಮತ್ತು ಆ ಗೆರೆಯ ಆಚೆ ನಿಲ್ಲಬೇಕಾಗಿದ್ದವರು ಮನುಷ್ಯರು. ನಂಜನಗೂಡು ತಾಲ್ಲೂಕಿನ ಬದನವಾಳು ಗಾಂಧೀಜಿ ಭೇಟಿ ಕೊಟ್ಟ ಖಾದಿ ಕೇಂದ್ರದ ಊರು. ಅದೇ ಊರಿನಲ್ಲಿ, ಸಿದ್ಧೇಶ್ವರ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ, 1993ರಲ್ಲಿ ಮೂವರು ದಲಿತರ ಕೊಲೆಯಾಯಿತು. ಇಂಥ ಚರಿತ್ರೆಯಿರುವ ನೆಲದಲ್ಲಿ ಮೈಲಿಗೆಯ ಭಾಷೆಯನ್ನು ಕಾನೂನಿನ ಕಾರಣವಾಗಿ ಬಳಸುವುದು ಸಲ್ಲದು. ಉದ್ದೇಶ ಒಳ್ಳೆಯದಿದ್ದರೂ ಸಲ್ಲದು.

ಹಾಗಾದರೆ 5ನೇ ನಿಯಮ ನಿಲ್ಲುವುದು ಯಾವ ನೆಲೆಯ ಮೇಲೆ? ನಿಯಮದ ಪಟ್ಟಿಯೇ ಉತ್ತರ ಸೂಚಿಸುತ್ತದೆ. ಆಸ್ಪತ್ರೆಗೆ, ಶಾಲೆಗೆ, ತಾಲ್ಲೂಕು ಕಚೇರಿಗೆ ಮಡಿಯ ಹಂಗಿಲ್ಲ. ಬೇಕಿರಲಿ ಬೇಡದಿರಲಿ ಜನ ಹೋಗಲೇಬೇಕಾದ, ಸಾಲುಗಟ್ಟಿ ಕಾಯಲೇಬೇಕಾದ ಜಾಗಗಳು ಅವು. ಗುಡಿ, ಮಸೀದಿ, ಚರ್ಚುಗಳೂ ಆ ಪಟ್ಟಿಯಲ್ಲಿ ಅದೇ ಕಾರಣಕ್ಕೆ ಸೇರಬೇಕು. ಹರಕೆಯ ಮುಡಿ ಕೊಟ್ಟ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಒದ್ದೆ ಸೀರೆಯಲ್ಲಿ ಸ್ನಾನಘಟ್ಟದಿಂದ ಗುಡಿಯತ್ತ ನಡೆಯುವ ಹೆಂಗಸು ಬೇರೆ ಬೀದಿ ಹಿಡಿಯಲಾರಳು. ಕಾನೂನು ಕಾಯಬೇಕಾದದ್ದು ಅವಳ ನೆಮ್ಮದಿಯನ್ನು. ದೇವರ ಶುದ್ಧಿಯನ್ನು ಕಾಯುವ ಕೆಲಸ ಅಬಕಾರಿ ಇಲಾಖೆಯದಲ್ಲ.

ಅಳತೆಯ ವಿಚಾರಕ್ಕೆ ಬಂದಾಗ ಈ ಭೇದ ಬರಿಯ ತರ್ಕವಾಗಿ ಉಳಿಯುವುದಿಲ್ಲ. ತಕರಾರು ಬಂದ ಕಡೆ ಟೇಪು ಹಿಡಿದು ಸ್ಥಳ ಮಹಜರು ಆಗುತ್ತದೆ, ನಕ್ಷೆ ಬರೆಯಲಾಗುತ್ತದೆ. ಟೇಪಿನ ಒಂದು ತುದಿ ಎಲ್ಲಿರಬೇಕು? ಗರ್ಭಗುಡಿಯಲ್ಲೋ, ಪ್ರಾಕಾರದ ಗೋಡೆಯಲ್ಲೋ, ಹೆಬ್ಬಾಗಿಲಲ್ಲೋ? ನೇರ ಗೆರೆಯೋ, ನಡೆಯುವ ಹಾದಿಯೋ? ಹಾದಿಯಲ್ಲಿ ಅಳೆದರೆ, ಅಂಗಡಿಯ ಷಟರನ್ನು ಹಿಂದಿನ ಓಣಿಗೆ ತಿರುಗಿಸಿ ಹತ್ತಾರು ಮೀಟರ್ ಗಳಿಸಿಕೊಳ್ಳಬಹುದು. ಹೆದ್ದಾರಿಯ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿದಾಗ, ಕೇರಳದ ಉತ್ತರ ಪರವೂರಿನ ಒಂದು ಬಾರ್ ತನ್ನ ಅಂಗಳದಲ್ಲೇ ಸುತ್ತುಬಳಸಿನ ದಾರಿ ಕಟ್ಟಿ ನಡಿಗೆಯ ದೂರ ಹೆಚ್ಚಿಸಿಕೊಂಡಿತು. ಸಣ್ಣ ಊರುಗಳಿಗೆ ಆ ಅಂತರವನ್ನು 2017ರ ಮಾರ್ಚಿನಲ್ಲಿ ಕೋರ್ಟೇ 220 ಮೀಟರಿಗೆ ಇಳಿಸಿತು. ದೇವರ ಶುದ್ಧಿಯೇ ಗುರಿಯಾದರೆ ನೇರ ಗೆರೆ ಸರಿ. ಜನರ ಓಡಾಟ ಗುರಿಯಾದರೆ ಯಾವ ಒಂದು ಅಂಕಿಯೂ ಸಾಲದು. ದೊಡ್ಡ ಜಾತ್ರೆಯ ದಿನ ಭಕ್ತರ ಸಾಲು 100 ಮೀಟರಿನ ಎಷ್ಟೋ ಆಚೆಗೆ ಬೆಳೆದಿರುತ್ತದೆ. ಜಾತ್ರೆ, ಮೇಳಗಳ ಹೊತ್ತಿನಲ್ಲಿ ಜಿಲ್ಲಾಧಿಕಾರಿಗಳು ಸುತ್ತಲಿನ ಮಾರಾಟವನ್ನೇ ಕೆಲವು ದಿನ ನಿಲ್ಲಿಸುವುದು ಇದನ್ನು ಅರಿತೇ.

ಇಲ್ಲಿಯವರೆಗಿನ ವಾದಕ್ಕೆ ಗಟ್ಟಿ ಎದುರಾಳಿ ಇಂಗ್ಲಿಷ್ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್. 1859ರ ‘ಆನ್ ಲಿಬರ್ಟಿ’ಯಲ್ಲಿ ಮಿಲ್ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿದ್ದಾನೆ. ನಂಬಿಕಸ್ಥರಿಗೆ ಮಾತ್ರ ಪರವಾನಗಿ, ತೆರೆಯುವ ಮುಚ್ಚುವ ವೇಳೆ, ಗಲಾಟೆಯಾದರೆ ಪರವಾನಗಿ ರದ್ದು, ಇಷ್ಟನ್ನು ಅವನು ಒಪ್ಪುತ್ತಾನೆ. ಅದಕ್ಕಿಂತ ಮುಂದೆ ಹೋಗಿ, ಕುಡಿಯುವವನಿಗೆ ಕಷ್ಟವಾಗಲೆಂದೇ ಅಂಗಡಿಗಳನ್ನು ಕಡಿಮೆ ಮಾಡುವುದನ್ನು ಖಂಡಿಸುತ್ತಾನೆ. ಕೆಲವರು ದುರುಪಯೋಗ ಮಾಡುತ್ತಾರೆಂದು ಎಲ್ಲರಿಗೂ ತೊಂದರೆ ಕೊಡುವುದು ದುಡಿಯುವ ವರ್ಗವನ್ನು ಮಕ್ಕಳಂತೆ ಕಾಣುವ ಸಮಾಜಕ್ಕೆ ಮಾತ್ರ ಹೊಂದುತ್ತದೆ ಎಂಬುದು ಅವನ ನಿಲುವು. ಕುಡಿತದಿಂದ ಹೆಂಡತಿ ಮಕ್ಕಳನ್ನು ಸಾಕದವನಿಗೆ ಶಿಕ್ಷೆಯಾಗಲಿ, ಆದರೆ ಅದು ಕರ್ತವ್ಯ ತಪ್ಪಿದ್ದಕ್ಕೆ, ಕುಡಿದದ್ದಕ್ಕಲ್ಲ ಎನ್ನುತ್ತಾನೆ.

ಭಾರತದ ಕಾನೂನು ಮಿಲ್‌ನನ್ನು ಸುಲಭವಾಗಿ ಬದಿಗಿಡಬಲ್ಲದು. ಸಂವಿಧಾನದ 47ನೇ ವಿಧಿ ಪಾನನಿರೋಧದತ್ತ ಸಾಗಲು ಸರ್ಕಾರಕ್ಕೆ ನಿರ್ದೇಶಿಸುತ್ತದೆ. ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲವೆಂದು ಕರ್ನಾಟಕದ್ದೇ ಆದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತು. ಆದರೆ ಕಾನೂನಿನಲ್ಲಿ ಗೆದ್ದಮಾತ್ರಕ್ಕೆ ವಾದದಲ್ಲಿ ಗೆದ್ದಂತಲ್ಲ. ಕಾರಿನಲ್ಲಿ ಹೋಗುವವನಿಗೆ, ಕ್ಲಬ್ಬಿನ ಸದಸ್ಯನಿಗೆ 100 ಮೀಟರ್ ಒಂದು ಅಡ್ಡಿಯೇ ಅಲ್ಲ. ಗದ್ದೆಯಲ್ಲಿ, ಕಬ್ಬಿನ ತೋಟದಲ್ಲಿ ದುಡಿದು ನಡೆದುಬರುವವನಿಗೆ ಮಾತ್ರ ಅದು ತಟ್ಟುತ್ತದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗಲೂ ಹೋದದ್ದು ಬಡವರ ಗ್ಲಾಸು. ಬ್ರಾಂದಿ, ವಿಸ್ಕಿಗಳು ಉಳಿದವು. 2025-26ರ ರಾಜ್ಯ ಬಜೆಟ್ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಇಷ್ಟನ್ನು ಕುಡಿಯುವವರಿಂದಲೇ ಪಡೆಯುವ ಸರ್ಕಾರ ಅವರಿಗೆ ಸಂಯಮದ ಪಾಠ ಹೇಳುವಾಗ ಮಿಲ್‌ನ ಆಕ್ಷೇಪಕ್ಕೆ ಬಲ ಬರುತ್ತದೆ. ಇದನ್ನು ಒಪ್ಪಲೇಬೇಕು.

ಮಿಲ್ ಸೋಲುವುದು ಮನೆಯೊಳಗೆ. ಕರ್ತವ್ಯ ತಪ್ಪಿದ ಮೇಲೆ ಶಿಕ್ಷೆ ಎನ್ನುವಾಗ, ದೂರು ಕೊಡುವವರು ಯಾರೆಂದು ಅವನು ಕೇಳಿಕೊಳ್ಳುವುದಿಲ್ಲ. ವಾರದ ಬಟವಾಡೆ ಕ್ವಾರ್ಟರ್ ಬಾಟಲಿಗೆ ಹೋದ ರಾತ್ರಿ ಹೆಂಡತಿ ಠಾಣೆಗೆ ಹೋಗುವುದಿಲ್ಲ. ಹೋದರೆ ಮರುದಿನದ ಕೂಲಿಯೂ ಹೋಗುತ್ತದೆ. ನಡೆದ ಮೇಲೆ ಸರಿಪಡಿಸಲಾಗದ ಹಾನಿಗೆ ಮುಂಚಿನ ತಡೆಯೇ ಉಳಿದ ದಾರಿ, ಅದು ಎಷ್ಟೇ ಒರಟಾಗಿದ್ದರೂ.

ಹಾಗೆಂದು ಮೈಲಿಗೆಯ ವಾದಿಗಳ ಬಳಿ ಹುರುಳೇ ಇಲ್ಲವೆನ್ನಲೂ ಆಗದು. ಕುಡಿತ ಬಿಡುವ ಹರಕೆ ಹೊತ್ತು ದೇವರ ಮುಂದೆ ಬರುವವರಿದ್ದಾರೆ. ಮಾಲೆ ಹಾಕಿ ವ್ರತದ ದಿನಗಳಷ್ಟು ಕಾಲ ಮುಟ್ಟದೆ ಇರುವವರಂತೂ ಊರೂರಲ್ಲಿದ್ದಾರೆ. ಅಂಥವರಿಗೆ ಗುಡಿಯ ಸುತ್ತಲಿನ ಬೀದಿ ತಾವೇ ಬಯಸಿದ ಆಸರೆ. ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳಲು ಬಯಸುವ ಪ್ರಾಪ್ತ ವಯಸ್ಕನಿಗೆ ನೆರವಾಗುವುದು ಅವನನ್ನು ಮಗುವಾಗಿಸುವುದಲ್ಲ. ಇಲ್ಲಿ ಸ್ಥಳದ ಪಾವಿತ್ರ್ಯಕ್ಕೆ ಲೌಕಿಕವಾದ ಕಾರಣವೊಂದು ಸಿಗುತ್ತದೆ. ಮೇಲೆ ತಳ್ಳಿಹಾಕಿದ ವಾದ ಹಿಂಬಾಗಿಲಿನಿಂದ ಒಳಗೆ ಬರುತ್ತದೆ, ಮತ್ತು ಅದನ್ನು ಪೂರ್ತಿ ಹೊರದಬ್ಬುವುದು ಸುಲಭವಲ್ಲ.

ಉಳಿಯುವ ಪ್ರಶ್ನೆ, ಬೇಡವೆನ್ನುವ ಅಧಿಕಾರ ಯಾರದು ಎಂಬುದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 500 ಅಡಿ ಒಳಗಿನ ಪರವಾನಗಿಯನ್ನು ತಡೆಯುವ ಹಕ್ಕನ್ನು ಚರ್ಚುಗಳಿಗೇ ಕೊಟ್ಟಿತ್ತು. ಸರ್ಕಾರದ ಅಧಿಕಾರವನ್ನು ಧಾರ್ಮಿಕ ಸಂಸ್ಥೆಗೆ ಒಪ್ಪಿಸುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲಿ ಅದನ್ನು ರದ್ದುಮಾಡಿತು. ಮಹಾರಾಷ್ಟ್ರದಲ್ಲಿ ಊರಿನ ಹೆಂಗಸರು ಮತ ಹಾಕಿ ಅಂಗಡಿ ಮುಚ್ಚಿಸುವ ಅವಕಾಶವಿದೆ. ಕರ್ನಾಟಕದಲ್ಲೂ 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ಆದರೆ ಊರಿನವರು ಮತ ಹಾಕಿ ತೀರ್ಮಾನಿಸುವುದಕ್ಕೂ ಮಿಲ್‌ನ ಆಕ್ಷೇಪ ಅನ್ವಯಿಸುತ್ತದೆ: ಬಹುಮತ ಇಂದು ಬ್ರಾಂದಿ ಅಂಗಡಿಯನ್ನು ಮುಚ್ಚಿಸಬಹುದಾದರೆ, ನಾಳೆ ಅಲ್ಪಸಂಖ್ಯಾತರ ಮಾಂಸದಂಗಡಿಯನ್ನೂ ಮುಚ್ಚಿಸಬಹುದು. ಇದಕ್ಕೆ ಪೂರ್ತಿ ಸಮಾಧಾನ ಇಲ್ಲಿ ಸಿಕ್ಕಿಲ್ಲ.

ಅದು ಸಿಗುವವರೆಗೆ 100 ಮೀಟರ್ ಇರಲಿ. ಆದರೆ ಮುಂದಿನ ಬಾರಿ ನಂಜನಗೂಡಿನಲ್ಲೋ ಟಿ. ನರಸೀಪುರದಲ್ಲೋ ಮದ್ಯದಂಗಡಿಯ ಸ್ಥಳ ಮಹಜರು ನಡೆಯುವಾಗ, ಗುಡಿಯ ಬಾಗಿಲಿನ ಅಳತೆಯ ಜೊತೆಗೆ ಆ ಬೀದಿಯಲ್ಲಿ ವಾಸಿಸುವ ಹೆಂಗಸರ ಹೇಳಿಕೆಯನ್ನೂ ಬರೆದುಕೊಳ್ಳಬೇಕು.